ಬೆನ್ನಿನಿಂದ ಬೆನ್ನಿಗೆ

ನಮ್ಮಮ್ಮ ಗೋಡೆಗೆ ಒರಗಿ ಕೂರುತ್ತಿರಲಿಲ್ಲ. ಕಲ್ಲುಗುಂಡಿಯ ನಮ್ಮ ಮನೆಯಲ್ಲಿ ಗೋಡೆಗಳಿಗೇನೂ ಬರಗಾಲ ಇರಲಿಲ್ಲ. ಮುಂದಿನ ಕೋಣೆ ಅಪ್ಪನ ಹೋಟೆಲು, ಮಡಿಕೇರಿ ರಸ್ತೆಗೆ ಬಾಗಿಲು. ಅದರ ಹಿಂದೆ ಅಡುಗೆ ಕೋಣೆ, ಅದರ ಹಿಂದೆ ನಾವೆಲ್ಲ ಮಲಗುವ ಒಂದೇ ಒಂದು ಉದ್ದನೆಯ ನಡುಕೋಣೆ, ಕೊನೆಗೆ ಕಡೆಯುವ ಕಲ್ಲಿದ್ದ ಹಿಂದಿನ ಚಾವಡಿ. ಬಸ್ಸಿನವರು ಚಾ ಕುಡಿದು, ಗೋಳಿಬಜೆ ತಿಂದು, ಕೈ ತೊಳೆದು ಹೊರಟುಹೋದ ಮೇಲೆ ಅಜ್ಜಿ ಒಂದು ಗೋಡೆ ಹಿಡಿಯುತ್ತಿದ್ದಳು, ಅಪ್ಪ ಇನ್ನೊಂದು. ಅಮ್ಮ ಮಾತ್ರ ನಡುಕೋಣೆಯಲ್ಲಿ ಯಾವ ಆಸರೆಯೂ ಇಲ್ಲದೆ ನೆಟ್ಟಗೆ ಕೂರುವಳು. ಬಸ್ಸಿನಲ್ಲಿ ಸೀಟಿನ ತುದಿಗೆ ಕೂರುವಳು, ಮಲಗುವಾಗ ಮಗ್ಗುಲಾಗಿ ಮಲಗುವಳು. ಅಮ್ಮಂದಿರೆಂದರೆ ಹೀಗೇ ಇರುತ್ತಾರೆ ಎಂದು ನಾನು ತಿಳಿದಿದ್ದೆ. ಶಾಲೆಯ ಗೆಳತಿಯೊಬ್ಬಳ ಮನೆಗೆ ಹೋದಾಗ ಅವಳ ಅಮ್ಮ ಕಂಬಕ್ಕೆ ಬೆನ್ನು ಕೊಟ್ಟು, ಕಾಲು ಚಾಚಿ ಬೀಡಿ ಕಟ್ಟುತ್ತಿದ್ದುದನ್ನು ಕಂಡು ಸುಮಾರು ಹೊತ್ತು ನೋಡುತ್ತಲೇ ನಿಂತಿದ್ದೆ.

ಇದಕ್ಕೆಲ್ಲ ಕಾರಣ ವಾರಿಜ. ಅವಳು ನನ್ನ ತಂಗಿ. ಅವಳು ಹುಟ್ಟಿದಾಗ ನಾನು ಶಾಲೆಗೆ ಸೇರಿದ್ದೆನಷ್ಟೆ. ಜೋಲಿಯಲ್ಲಿ ಒಂದು ಗಳಿಗೆ ನಿಲ್ಲದ ಮಗು ಅದು. ತೂಗುವ ತನಕ ಸುಮ್ಮನಿದ್ದು, ಕೈ ಬಿಟ್ಟ ಕೂಡಲೇ ಬೊಬ್ಬೆ ಹಾಕುತ್ತಿತ್ತು. ಅಜ್ಜಿಯ ಪ್ರಕಾರ ಮಗುವಿಗೆ ಎರಡೇ ಜಾಗ, ಒಂದು ಜೋಲಿ, ಇನ್ನೊಂದು ಸೊಂಟ. ಆದರೆ ಹೋಟೆಲಿನ ಹೆಂಗಸಿಗೆ ಮಗುವನ್ನು ಸೊಂಟದಲ್ಲಿ ಕೂರಿಸಿಕೊಂಡರೆ ಒಂದು ಕೈ ಹೋಯಿತು, ಒಂದು ಕೈಯಲ್ಲಿ ಅಕ್ಕಿ ಕಡೆಯಲಿಕ್ಕೆ ಆಗುವುದಿಲ್ಲ. ಆಗ ಅಮ್ಮನಿಗೆ ದಾರಿ ತೋರಿಸಿದವಳು ಸೆಲ್ವಿ. ಸಿಲೋನಿನಿಂದ ಬಂದು ರಬ್ಬರು ತೋಟದ ಲೈನುಮನೆಗಳಲ್ಲಿ ಇದ್ದ ತಮಿಳರ ಪೈಕಿ ಅವಳು. ಬೆಳಿಗ್ಗೆ ರಬ್ಬರು ಹಾಲು ತೆಗೆದು ಮುಗಿಸಿ, ನಮ್ಮ ಹೋಟೆಲಿಗೆ ಕಟ್ಟಿಗೆ ತಂದು ಹಾಕುತ್ತಿದ್ದಳು. ತಲೆಯ ಮೇಲೆ ಕಟ್ಟಿಗೆ, ಬೆನ್ನಿನ ಮೇಲೆ ಮಗು, ಎರಡು ಕೈಯೂ ಖಾಲಿ. ಅಮ್ಮನಿಗೆ ಆ ಖಾಲಿ ಕೈಗಳ ಮೇಲೆ ಆಸೆ ಹುಟ್ಟಿತು.

ಸೆಲ್ವಿ ಅಮ್ಮನ ಒಂದು ಹಳೆಯ ನೀಲಿ ಚೌಕಳಿ ಸೀರೆಯಲ್ಲಿ ಕಟ್ಟುವ ಕ್ರಮ ಹೇಳಿಕೊಟ್ಟಳು. ಮೊದಲು ಬೆನ್ನು ಮೇಜಿನಂತೆ ಆಗುವಷ್ಟು ಬಗ್ಗಬೇಕು. ಮಗುವನ್ನು ಕಂಕುಳಿನಿಂದ ಹಿಂದಕ್ಕೆ ಜಾರಿಸಬೇಕು. ಸೀರೆಯ ಒಂದು ತುದಿ ಹೆಗಲ ಮೇಲಿನಿಂದ, ಇನ್ನೊಂದು ಕಂಕುಳ ಅಡಿಯಿಂದ ಬಂದು ಎದೆಯ ಮೇಲೆ ಗಂಟು. ಬಟ್ಟೆ ಮಗುವಿನ ಮಂಡಿಯಿಂದ ಕುತ್ತಿಗೆಯವರೆಗೆ ಬರಬೇಕು. ಆಮೇಲೆ ನೆಟ್ಟಗಾದರೆ ಮಗು ಅಂಟಿಕೊಂಡೇ ಬರುತ್ತದೆ. ಅವರಿಬ್ಬರಲ್ಲಿ ಇನ್ನೂ ಒಂದು ಕಸರತ್ತು ಇತ್ತು, ಅದು ನನಗೆ ಸರ್ಕಸ್ಸಿಗಿಂತ ಹೆಚ್ಚು. ಅಮ್ಮನಿಗೆ ಸ್ನಾನಕ್ಕೆ ಹೋಗಬೇಕಾದಾಗ ಸೆಲ್ವಿ ತನ್ನ ಮಗುವನ್ನು ಚಾಪೆಯ ಮೇಲೆ ಬಿಟ್ಟು ಬರುವಳು. ಇಬ್ಬರೂ ಅಕ್ಕಪಕ್ಕ ಬಗ್ಗಿ ನಿಂತು, ಹೆಗಲಿಗೆ ಹೆಗಲು ತಾಗಿಸಿ, ನಿದ್ದೆ ಮಾಡುತ್ತಿದ್ದ ವಾರಿಜಳನ್ನು ಬಟ್ಟೆಯ ಸಮೇತ ಒಂದು ಬೆನ್ನಿನಿಂದ ಇನ್ನೊಂದು ಬೆನ್ನಿಗೆ ಸರಿಸಿಬಿಡುತ್ತಿದ್ದರು. ಬಟ್ಟೆಯ ತುದಿ ಎಳೆದುಕೊಡುವುದು ನನ್ನ ಕೆಲಸ. ಮಗುವಿಗೆ ಎಚ್ಚರವೇ ಆಗುತ್ತಿರಲಿಲ್ಲ. ಅಜ್ಜಿ ದೂರದಲ್ಲಿ ನಿಂತು, ಕೋತಿ ಮರಿ ಕಟ್ಟಿಕೊಂಡ ಹಾಗೆ ಇದೆಂತದು ಎಂದು ಗೊಣಗುತ್ತಿದ್ದಳು. ಅಜ್ಜಿ ಗೊಣಗುತ್ತಿದ್ದುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅವಳ ಬಾಯಿ ಸ್ವಲ್ಪ ಮೆತ್ತಗಾಗಿ ಕೇಳುತ್ತದೆ, ನಿಜವಾಗಿ ಅಷ್ಟು ಮೆತ್ತಗೆ ಇರಲಿಲ್ಲ.

ವಾರಿಜಳಿಗೆ ಹಲ್ಲು ಬರುವ ಮೊದಲೇ ಜ್ವರ ಬಂತು. ಅಪ್ಪ ಸುಳ್ಯಕ್ಕೆ ಕರೆದುಕೊಂಡು ಹೋಗಿ ಬಾಟಲಿ ಮದ್ದು ತಂದರು. ಮರುದಿನ ಜ್ವರ ಇಳಿದ ಹಾಗೆ ಕಂಡಿತು, ಅಳುವೂ ನಿಂತಿತು. ಮಗು ನಿದ್ದೆ ಮಾಡಲಿ ಎಂದು ಅಮ್ಮ ಅದನ್ನು ಬೆನ್ನಿಗೆ ಕಟ್ಟಿಕೊಂಡು ಅಕ್ಕಿ ಕಡೆಯಲು ಕೂತಳು. ಅವತ್ತೇ ಒಂದು ಬಸ್ಸು ನಮ್ಮ ಹೋಟೆಲಿನ ಎದುರು ಕೆಟ್ಟು ನಿಂತಿತು. ಒಳಗೆ ಜನ ತುಂಬಿ, ಅಪ್ಪ ಮುಂದಿನಿಂದ ಚಟ್ನಿ ಚಟ್ನಿ ಎಂದು ಕರೆಯುತ್ತಲೇ ಇದ್ದರು. ಅಮ್ಮ ಕಡೆದಳು, ಎದ್ದಳು, ದೋಸೆ ಹೊಯ್ದಳು, ತೆಂಗಿನಕಾಯಿ ತುರಿದಳು, ಪುನಃ ಕಡೆದಳು. ಬಸ್ಸು ರಿಪೇರಿಯಾಗಿ ಹೊರಟುಹೋಯಿತು. ಎದೆಯಲ್ಲಿ ಹಾಲು ಬಿಗಿದು ನೋವಾದಾಗಲೇ ಅವಳಿಗೆ, ಇಷ್ಟು ಹೊತ್ತು ಮಗು ಹಾಲಿಗೆ ಅಳಲೇ ಇಲ್ಲವಲ್ಲ ಎಂದು ನೆನಪಾದದ್ದು. ಅವಳು ನನ್ನನ್ನು ಕರೆದು ಬಟ್ಟೆ ಹಿಡಿಯಲು ಹೇಳಿದಳು. ನಾನು ಹಿಡಿದೆ, ಅವಳು ಗಂಟು ಬಿಚ್ಚಿದಳು. ಅಲ್ಲಿಂದ ಮುಂದಿನದು ನನಗೆ ನೆನಪಿಲ್ಲ. ನೆನಪು ಮಾಡಿಕೊಳ್ಳಲು ನಾನು ಪ್ರಯತ್ನ ಮಾಡಿದವಳೂ ಅಲ್ಲ.

ಮಗು ಸತ್ತದ್ದು ಜ್ವರದಿಂದ ಎಂದು ಸುಳ್ಯದ ಡಾಕ್ಟರು ಅಪ್ಪನಿಗೆ ಹೇಳಿದರು. ಅಜ್ಜಿಗೆ ಡಾಕ್ಟರರ ಮಾತು ಬೇಡವಾಗಿತ್ತು, ಅವಳಿಗೆ ಬಟ್ಟೆಯ ಮೇಲೆ ಸಿಟ್ಟು. ಸೆಲ್ವಿ ಇನ್ನು ಅಂಗಳಕ್ಕೆ ಕಾಲಿಡಬಾರದು ಎಂದಳು. ಸೆಲ್ವಿ ಬರುವುದನ್ನು ನಿಲ್ಲಿಸಿದಳು, ಕಟ್ಟಿಗೆ ಬೇರೆ ಯಾರೋ ತಂದು ಹಾಕಿದರು. ಆ ನೀಲಿ ಸೀರೆಯನ್ನು ಪಯಸ್ವಿನಿ ಹೊಳೆಗೆ ಬಿಡಬೇಕೆಂದು ಅಜ್ಜಿ ಮನೆಯೆಲ್ಲ ಹುಡುಕಿದಳು. ಅದು ಸಿಗಲಿಲ್ಲ. ಅಮ್ಮನ ತಗಡಿನ ಪೆಟ್ಟಿಗೆಯ ತಳದಲ್ಲಿ ಅದು ಇದ್ದುದು ನನಗೆ ಗೊತ್ತಿತ್ತು, ಅಜ್ಜಿಗೂ ಗೊತ್ತಿದ್ದಿರಬೇಕು. ಒಂದು ದಿನ ಅಜ್ಜಿ ತಡೆಯಲಾರದೆ, ಬೆನ್ನ ಮೇಲಿದ್ದ ಮಗು ಹೋದದ್ದು ತಾಯಿಗೆ ಗೊತ್ತಾಗುವುದಿಲ್ಲವಾ ಎಂದು ಕೇಳಿಯೇಬಿಟ್ಟಳು. ಅಮ್ಮ ಪಾತ್ರೆ ತೊಳೆಯುತ್ತಿದ್ದವಳು ತಲೆ ಎತ್ತಲಿಲ್ಲ.

"ಭಾರ ಬದಲಾಗ್ಲಿಲ್ಲ ಅತ್ತೆ. ಮೊದಲು ಎಷ್ಟು ಇತ್ತೋ ಅಷ್ಟೇ ಇತ್ತು. ಈಗ್ಲೂ ಅಷ್ಟೇ ಉಂಟು."

ಅಜ್ಜಿ ಮತ್ತೆ ಆ ಮಾತು ಎತ್ತಲಿಲ್ಲ. ಈಗಲೂ ಇದೆ ಎಂದರೆ ಎಲ್ಲಿದೆ ಎಂದು ನಾನು ಅಂದಿನಿಂದ ಅಮ್ಮನ ಬೆನ್ನು ನೋಡಲು ಶುರುಮಾಡಿದೆ. ನೋಡುತ್ತಾ ಹೋದ ಹಾಗೆ ಒಂದೊಂದೇ ತಿಳಿಯಿತು. ಅಡುಗೆ ಕೋಣೆಯಿಂದ ನಡುಕೋಣೆಗೆ ಬರುವ ಬಾಗಿಲು ಗಿಡ್ಡ. ಅಪ್ಪ ಅಲ್ಲಿ ಸೊಂಟ ಬಗ್ಗಿಸಿ ಬರುತ್ತಿದ್ದರು. ಅಮ್ಮ ಸೊಂಟ ಬಗ್ಗಿಸದೆ, ಮಂಡಿ ಮಡಚಿ, ಕುಸಿದು, ಆಮೇಲೆ ಏಳುತ್ತಿದ್ದಳು. ಬೆನ್ನಿನ ಮಗುವಿನ ತಲೆ ದಾರಂದಕ್ಕೆ ತಾಗದಿರಲು ಹಾಗೆ ಮಾಡಬೇಕೆಂದು ಕಲಿಸಿದವಳು ಸೆಲ್ವಿ. ಒಲೆಯ ಎದುರು ನಿಂತಾಗ ಅಮ್ಮನ ಎಡಗೈ ತಾನಾಗಿ ಹಿಂದಕ್ಕೆ ಹೋಗಿ ಎರಡು ಸಲ ತಟ್ಟಿ ಬರುತ್ತಿತ್ತು. ಮುಂದೆ ಹೋಟೆಲಿನಲ್ಲಿ ಯಾರಾದರೂ ಜೋರಾಗಿ ನಕ್ಕರೆ ಅವಳು ಹೆಗಲ ಮೇಲಿಂದ ಹಿಂದಕ್ಕೆ ನೋಡುವಳು. ನನಗೆ ಹೆದರಿಕೆ ಹತ್ತಿತು. ಅಮ್ಮನ ಹಿಂದೆ ನಡೆಯುವಾಗ ನಾನು ಇನ್ನೊಬ್ಬರಿಗೆ ಸಾಕಾಗುವಷ್ಟು ಎಡೆ ಬಿಟ್ಟು ನಡೆಯತೊಡಗಿದೆ. ಹಿಂದಿನಿಂದ ಹೋಗಿ ಅವಳನ್ನು ತಬ್ಬಿಕೊಳ್ಳುವುದನ್ನು ಬಿಟ್ಟೆ. ವಾರಿಜ ಇದ್ದಾಗ ಅವಳು ಇಷ್ಟು ಜಾಗ ಹಿಡಿದಿರಲಿಲ್ಲ.

ಒಮ್ಮೆ ಕೆದಂಬಾಡಿಯ ನೆಂಟರ ಮನೆಗೆ ಹೋದಾಗ ಬಸ್ಸಿಳಿದು ಗುಡ್ಡದ ದಾರಿ ಹತ್ತಬೇಕಿತ್ತು. ನನ್ನ ಕಾಲಿಗೆ ಮುಳ್ಳು ಹೊಕ್ಕಿತು. ಅಮ್ಮ ಮುಳ್ಳು ತೆಗೆದಳು, ಆದರೆ ನನಗೆ ನಡೆಯುವ ಮನಸ್ಸಿಲ್ಲ. ಉಪ್ಪುಮೂಟೆ ಮಾಡು ಎಂದು ಹಟ ಹಿಡಿದೆ. ಬೇಡ, ಎತ್ತಿಕೊಳ್ಳುತ್ತೇನೆ ಬಾ ಎಂದು ಅವಳು ಎರಡು ಕೈ ಚಾಚಿದಳು. ಹೆದರಿಕೆ ಇದ್ದರೂ ನನಗೆ ಬೆನ್ನೇ ಬೇಕಾಗಿತ್ತು. ಅದು ಹೆದರಿಕೆಯೊಳಗಿನ ಹೊಟ್ಟೆಕಿಚ್ಚು. ಅವಳು ನನ್ನ ಕೆನ್ನೆ ಒರೆಸಿ, ಬೈಯದೆ, ಬಹಳ ಸಾಧಾರಣವಾಗಿ ಹೇಳಿದಳು.

"ಅಲ್ಲಿ ಜಾಗ ಇಲ್ಲ ಮಗಾ."

ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ. ಅವಳು ಅಳುತ್ತಾ ಹೇಳಿದ್ದರೆ ಇಷ್ಟು ಆಗುತ್ತಿರಲಿಲ್ಲ. ನಾನು ಎದ್ದು ಕುಂಟುತ್ತಾ ನಡೆದೆ. ದಾರಿಯುದ್ದಕ್ಕೂ ಅವಳು ನನ್ನ ಕೈ ಹಿಡಿದುಕೊಂಡಿದ್ದಳು, ಇನ್ನೊಂದು ಕೈ ಹಿಂದೆ ಇತ್ತು.

ಆಮೇಲೆ ತಮ್ಮ ಹುಟ್ಟಿದ. ಅವನೂ ಜೋಲಿಯಲ್ಲಿ ನಿಲ್ಲುವವನಲ್ಲ. ಅಮ್ಮ ಅವನನ್ನು ಎದುರಿಗೆ, ಎದೆಯ ಮೇಲೆ ಕಟ್ಟಿಕೊಂಡಳು. ಆ ನೀಲಿ ಸೀರೆಯಲ್ಲಲ್ಲ, ಬೇರೆಯದರಲ್ಲಿ. ಅಜ್ಜಿ ಬೇಡ ಬೇಡವೆಂದು ತಲೆ ಚಚ್ಚಿಕೊಂಡಳು. ಅಮ್ಮ ಕೇಳಲಿಲ್ಲ. ಮಗುವನ್ನು ಎದೆಗೆ ಕಟ್ಟಿಕೊಂಡು ಒಲೆಯ ಹತ್ತಿರ ಹೋಗುವ ಹಾಗಿಲ್ಲ, ಹಾಗಾಗಿ ಬೆಂಕಿಯ ಕೆಲಸದ ಹೊತ್ತಿಗೆಲ್ಲ ಅವನು ನನ್ನ ಎದೆಗೆ ಬರುತ್ತಿದ್ದ. ಅವನು ದಪ್ಪ, ನಾನು ಕಡ್ಡಿ. ಹೋಟೆಲಿಗೆ ಬಂದವರು, ಯಾರು ಯಾರನ್ನು ಹೊತ್ತದ್ದು ಮಾರಾಯ್ರೆ ಎಂದು ತಮಾಷೆ ಮಾಡುತ್ತಿದ್ದರು. ಅಮ್ಮ ಗಂಟು ಬಿಗಿಯುವಾಗ ಪ್ರತಿ ಸಲ ಒಂದೇ ಮಾತು ಹೇಳುವಳು, ಮೂಗಿನ ಕೆಳಗೆ ಬೆರಳು ಹಿಡಿ, ಹಿಡಿದು ನೋಡ್ತಾ ಇರು. ನಾನು ಪಾಠ ಓದುವಾಗ, ಅಂಗಳದಲ್ಲಿ ತಿರುಗುವಾಗ, ಕಲ್ಲು ಎಣಿಸಿ ಆಡುವಾಗ ನನ್ನ ಒಂದು ಬೆರಳು ಅವನ ಮೂಗಿನ ಕೆಳಗೇ ಇರುತ್ತಿತ್ತು. ಅವನು ನಿದ್ದೆಯಲ್ಲಿ ಉಸಿರು ಸ್ವಲ್ಪ ನಿಧಾನ ಮಾಡಿದರೆ ಸಾಕು, ನಾನು ಅವನನ್ನು ಕುಲುಕಿ ಎಬ್ಬಿಸಿ ಅಳಿಸುತ್ತಿದ್ದೆ. ಅವನು ಅತ್ತರೆ ಅಮ್ಮನ ಮುಖದಲ್ಲಿ ನೆಮ್ಮದಿ ಕಾಣುತ್ತಿತ್ತು. ಮಗು ಅತ್ತರೆ ಸಮಾಧಾನವಾಗುತ್ತಿದ್ದ ಮನೆ ನಮ್ಮದು.

ಆ ಬೆರಳು ನನ್ನನ್ನು ಬಿಟ್ಟಿಲ್ಲ. ಮದುವೆಯಾಗಿ ಪುತ್ತೂರಿಗೆ ಬಂದ ಹೊಸತರಲ್ಲಿ ಗಂಡನ ಮೂಗಿನ ಕೆಳಗೆ ಬೆರಳು ಹಿಡಿದು ಅವರನ್ನು ಹೆದರಿಸಿದ್ದೇನೆ. ಬಸ್ಸಿನಲ್ಲಿ ಪಕ್ಕದವರು ನಿದ್ದೆಹೋದರೆ ಅವರ ಎದೆ ಏರಿಳಿಯುವುದನ್ನು ನೋಡದೆ ನನಗೆ ಕಿಟಕಿಯ ಹೊರಗೆ ನೋಡಲಾಗುವುದಿಲ್ಲ. ಈಗ ಮಗಳು ತನ್ನ ಮಗುವನ್ನು ಆನ್‌ಲೈನಿನಲ್ಲಿ ತರಿಸಿದ ಬೆಲ್ಟಿನ ಚೀಲದಲ್ಲಿ ಕಟ್ಟಿಕೊಂಡು ಮೊಬೈಲು ನೋಡುತ್ತಾ ಮನೆಯೆಲ್ಲ ತಿರುಗುತ್ತಾಳೆ, ಅವಳ ಹಿಂದೆ ನಾನು. ಇಷ್ಟು ವರ್ಷವಾದರೂ ನಿಮಗೆಂತ ಹೆದರಿಕೆ ಎಂದು ಅವಳು ನಗುತ್ತಾಳೆ. ನನ್ನ ಸ್ವಭಾವ ತಯಾರಾದದ್ದು ಆ ಹಿಂದಿನ ಚಾವಡಿಯಲ್ಲಿ, ಅದನ್ನು ಈಗ ಬಿಚ್ಚಿ ಇಡು ಎಂದರೆ ಎಲ್ಲಿ ಇಡಲಿ?

ನಮ್ಮ ಕಡೆ ಮಳೆಗಾಲದ ಆಟಿ ತಿಂಗಳಲ್ಲಿ ಮನೆಯಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸುತ್ತಾರೆ. ಸತ್ತವರಿಗೆ ತುಳುವಿನಲ್ಲಿ ಕುಲೆ ಎಂದು ಹೆಸರು. ಬಡಿಸಿ, ಬಾಗಿಲು ಎಳೆದುಕೊಂಡು, ಎಲ್ಲರೂ ಹೊರಗೆ ನಿಂತು ಅವರು ಉಂಡು ಏಳುವುದನ್ನು ಕಾಯುವುದು ಕ್ರಮ. ಅಜ್ಜಿ ಮೊದಲ ವರ್ಷ ವಾರಿಜಳ ಹೆಸರಿನಲ್ಲಿ ಒಂದು ಸಣ್ಣ ಬಾಳೆಲೆಯ ತುಂಡಿಗೆ ಹಾಲು ಬಿಟ್ಟಳು. ಮುಂದಿನ ವರ್ಷ ಮೆತ್ತಗಿನ ಅನ್ನ. ಆಮೇಲೊಂದು ವರ್ಷ ಎಲ್ಲರಿಗೆ ಹಾಕಿದ ಹಾಗೆ ಪೂರಾ ಎಲೆ ಹಾಕಿ, ಕೋಳಿ ಪದಾರ್ಥವನ್ನೂ ಬಡಿಸಿದಳು. ಅಮ್ಮ ಬಂದು ನೋಡಿ ಅಲ್ಲೇ ನಿಂತುಬಿಟ್ಟಳು. ಹಲ್ಲು ಬಾರದ ಮಗುವಿಗೆ ಇದನ್ನೆಲ್ಲ ಯಾರು ಬಡಿಸುತ್ತಾರೆ ಎಂದು ಕೇಳಿದಳು. ಸತ್ತ ಮಕ್ಕಳು ಆ ಕಡೆಯಲ್ಲಿಯೂ ಬೆಳೆಯುತ್ತಾರೆ, ಅವಳಿಗೆ ಈಗ ಶಾಲೆಗೆ ಹೋಗುವ ಪ್ರಾಯ ಎಂದು ಅಜ್ಜಿ. ಅಮ್ಮ ಕೋಳಿಯ ತುಂಡು ತೆಗೆದು, ಅನ್ನಕ್ಕೆ ಹಾಲು ಬಿಟ್ಟು, ಬೆರಳಿನಲ್ಲಿ ನುರಿದು ಇಟ್ಟಳು. ಅಂದಿನಿಂದ ಆಟಿ ಬಂತೆಂದರೆ ಮನೆಯಲ್ಲಿ ಇದೇ ಜಗಳ. ಬಳೆಗಾರ ಬಂದರೆ ಅಜ್ಜಿ ನನಗೊಂದು ಜೊತೆ, ನನಗಿಂತ ಸಣ್ಣ ಅಳತೆಯದ್ದು ಇನ್ನೊಂದು ಜೊತೆ ತೆಗೆದುಕೊಳ್ಳುವಳು. ವರ್ಷವರ್ಷವೂ ಆ ಸಣ್ಣ ಜೊತೆ ದೊಡ್ಡದಾಗುತ್ತಾ ಬಂತು. ಅಮ್ಮ ಅದನ್ನು ಮುಟ್ಟುತ್ತಿರಲಿಲ್ಲ. ಒಂದೇ ಮನೆಯಲ್ಲಿ ನನಗೆ ಇಬ್ಬರು ವಾರಿಜೆಯರಿದ್ದರು. ಒಬ್ಬಳು ಅಜ್ಜಿಯ ಬಳೆಗಳಲ್ಲಿ ಬೆಳೆಯುತ್ತಿದ್ದಳು, ಇನ್ನೊಬ್ಬಳು ಅಮ್ಮನ ಬೆನ್ನ ಮೇಲೆ ಹಾಗೆಯೇ ಇದ್ದಳು. ಅಪ್ಪ ಅಜ್ಜಿಗೂ ಅಮ್ಮನಿಗೂ ಹೆದರಿ ಹೋಟೆಲಿನಲ್ಲೇ ಇರುತ್ತಿದ್ದರು.

ನನ್ನ ಮದುವೆಯಾಗಿ, ತಮ್ಮ ಮೀಸೆ ಬಿಡುವಷ್ಟು ದೊಡ್ಡವನಾದ ಮೇಲೆ ಅಜ್ಜಿ ಹಾಸಿಗೆಯಿಂದಲೇ ಹೊಸ ಹಟ ಹಿಡಿದಳು. ವಾರಿಜ ಮದುವೆಯ ಪ್ರಾಯಕ್ಕೆ ಬಂದಿದ್ದಾಳೆ, ಅವಳಿಗೊಂದು ಗಂಡು ಹುಡುಕದೆ ತಾನು ಕಣ್ಣು ಮುಚ್ಚುವುದಿಲ್ಲ. ಸತ್ತ ಮಕ್ಕಳಿಗೆ ಸತ್ತ ಮಕ್ಕಳನ್ನೇ ನೋಡಿ ಮದುವೆ ಮಾಡುವುದು ನಮ್ಮಲ್ಲಿ ಇದ್ದದ್ದೇ. ಹುಡುಗನನ್ನು ನೋಡುತ್ತಾರೆ, ಕೂಡಿ ಬರುತ್ತದೋ ಎಂದು ಕೇಳುತ್ತಾರೆ, ಬೇಡ ಎನ್ನುವುದೂ ಉಂಟು. ಇಚಿಲಂಪಾಡಿಯ ಒಂದು ಮನೆಯಲ್ಲಿ ಶೈಶವದಲ್ಲೇ ಹೋದ ಗಂಡುಮಗುವಿತ್ತು. ಅವರಿಗೂ ಒಪ್ಪಿಗೆಯಾಯಿತು. ಹೆಣ್ಣಿನ ಸೀರೆ, ರವಿಕೆ, ಬಳೆ, ಕರಿಮಣಿಯನ್ನು ದಿಬ್ಬಣದಲ್ಲಿ ತೆಗೆದುಕೊಂಡು ಹೋಗಿ ಗಂಡಿನ ಮನೆಯವರಿಗೆ ಒಪ್ಪಿಸಬೇಕು. ಅಲ್ಲಿಗೆ ಅವಳು ನಮ್ಮ ಮನೆಯವಳಲ್ಲ. ಅದನ್ನು ಕೇಳಿ ಅಮ್ಮ ಆಗುದಿಲ್ಲ ಎಂದಳು. ಆಮೇಲೆ ಮಾತೇ ಬಿಟ್ಟಳು. ಅಪ್ಪ ನನಗೆ ಹೇಳಿಕಳುಹಿಸಿದರು. ನಾನು ನನ್ನ ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಪುತ್ತೂರಿನಿಂದ ಬಂದೆ. ಅಮ್ಮನಿಗೆ ಬುದ್ಧಿ ಹೇಳಲೆಂದು ನನ್ನನ್ನು ಕರೆಸಿದ್ದು. ನಾನು ಏನನ್ನೂ ಹೇಳಲಿಲ್ಲ. ಅವಳು ಒಪ್ಪಿದರೆ ಬೆನ್ನು ಖಾಲಿಯಾಗುತ್ತದೆ, ಒಪ್ಪದಿದ್ದರೆ ಸಾಯುವವರೆಗೆ ಹೊರುತ್ತಾಳೆ. ಎರಡನ್ನೂ ನೋಡುವ ಧೈರ್ಯ ನನಗಿರಲಿಲ್ಲ.

ಅಮ್ಮ ಹೂಂ ಎನ್ನದಿದ್ದರೂ ಅಜ್ಜಿ ದಿನ ಗೊತ್ತುಮಾಡಿಸಿದಳು. ಹೊರಡುವ ದಿನ ಜೀಪು ಬಂದು ನಿಂತಿತು. ಮದುಮಗಳಿಗೆಂದು ಅಜ್ಜಿ ಜೀಪಿನಲ್ಲಿ ಒಂದು ಸೀಟು ಖಾಲಿ ಬಿಡಿಸಿದ್ದಳು. ಅಜ್ಜಿಯನ್ನು ಹೊರಗೆ ಕುರ್ಚಿಯಲ್ಲಿ ಕೂರಿಸಿದ್ದೆವು. ಹಲಗೆಯ ಮೇಲೆ ಇಟ್ಟಿದ್ದ ಮದುವೆಯ ಸೀರೆ ಕಾಣುವುದಿಲ್ಲವಲ್ಲ ಎಂದು ಅಪ್ಪ ಗಾಬರಿಯಲ್ಲಿ ಒಳಗೆ ಹೊರಗೆ ಓಡಾಡುತ್ತಿದ್ದರು. ಆಗ ಅಮ್ಮ ಬಂದಳು. ಗಿಡ್ಡ ಬಾಗಿಲಿನಲ್ಲಿ ಮಂಡಿ ಮಡಚಿ, ಕುಸಿದು, ಎದ್ದು ಬಂದಳು. ಬೆನ್ನಿಗೆ ಆ ನೀಲಿ ಚೌಕಳಿ ಸೀರೆ, ಅದರೊಳಗೆ ಮದುವೆಯ ಸೀರೆ, ಬಳೆ, ಕರಿಮಣಿ ಎಲ್ಲ ಸುತ್ತಿ ಗಂಟು ಹಾಕಿದ್ದಳು. ಎಲ್ಲರೂ ಅಜ್ಜಿಯ ಮುಖ ನೋಡಿದೆವು. ಅಜ್ಜಿ ಸುಮಾರು ಹೊತ್ತು ಆ ಬಟ್ಟೆಯನ್ನೇ ನೋಡಿದಳು. ಆಮೇಲೆ ಕೈ ಸನ್ನೆ ಮಾಡಿ ಅಮ್ಮನನ್ನು ಹತ್ತಿರ ಕರೆದಳು.

"ಗಂಟು ಸಡಿಲ ಉಂಟು ಲೀಲಾ. ಬಗ್ಗು."

ಅಜ್ಜಿ ಆ ಗಂಟು ಬಿಚ್ಚದೆ, ಎರಡೂ ತುದಿ ಎಳೆದು ಬಿಗಿ ಮಾಡಿಕೊಟ್ಟಳು. ತಾನೂ ಬರುತ್ತೇನೆಂದಳು. ಅಪ್ಪ ಅವಳನ್ನು ಎತ್ತಿ ಆ ಖಾಲಿ ಸೀಟಿನಲ್ಲಿ ಕೂರಿಸಿದರು. ಇಚಿಲಂಪಾಡಿಯವರೆಗೂ ಅಮ್ಮ ಸೀಟಿನ ತುದಿಯಲ್ಲಿ ಕೂತಿದ್ದಳು.

ಗಂಡಿನ ಮನೆಯಲ್ಲಿ ಕಾಲು ತೊಳೆಯಲು ನೀರು ಕೊಟ್ಟರು. ಮೆಟ್ಟಿಲ ಮೇಲೆ ಹುಡುಗನ ತಾಯಿ ನಿಂತಿದ್ದರು, ತೆಳ್ಳಗಿನ, ತಲೆ ನರೆತ ಹೆಂಗಸು. ಸೀರೆ ಬಳೆ ಇಡಲು ಹಲಗೆ ಸಿದ್ಧವಾಗಿತ್ತು, ಹೆಣ್ಣಿನ ಕಡೆಯವರು ಒಪ್ಪಿಸಬೇಕು ಎಂದು ಯಾರೋ ಹಿರಿಯರು ಹೇಳಿದರು. ಅಮ್ಮನ ಎರಡೂ ಕೈ ಗಂಟಿನ ಮೇಲೆ ಹೋದವು, ಅಲ್ಲೇ ನಿಂತವು. ನಾನು ಬಿಚ್ಚಲು ಹೋದೆ, ಅವಳು ನನ್ನ ಕೈ ಹಿಡಿದುಕೊಂಡಳು. ಬಿಚ್ಚಿದರೆ ಏನು ಕಾಣುತ್ತದೆಂದು ಅವಳಿಗೂ ನನಗೂ ಗೊತ್ತಿತ್ತು. ಒಮ್ಮೆ ಬಿಚ್ಚಿ ನೋಡಿದವರು ನಾವಿಬ್ಬರೇ. ಹಿರಿಯರು ಹೊತ್ತು ಮೀರುತ್ತದೆ ಎಂದರು. ಹುಡುಗನ ತಾಯಿ ಮೆಟ್ಟಿಲಿಳಿದು ಬಂದು ಅಮ್ಮನ ಎದುರು ನಿಂತರು. ನಮ್ಮ ಕಡೆಯವರೆಲ್ಲ ಇಷ್ಟು ವರ್ಷ ವಾರಿಜಳಿಗೆ ಎಷ್ಟು ವರ್ಷವಾಯಿತು ಎಂದೇ ಕೇಳುತ್ತಿದ್ದರು, ಅವರು ಹಾಗೆ ಕೇಳಲಿಲ್ಲ.

"ಎಷ್ಟು ತಿಂಗಳಿನ ಮಗು ಅಕ್ಕ?"

ಅಮ್ಮ ತಲೆ ಎತ್ತಿದಳು. ಹಲ್ಲು ಬಂದಿರಲಿಲ್ಲ ಎಂದಷ್ಟೇ ಹೇಳಿದಳು. ನಮ್ಮದಕ್ಕೆ ಕುತ್ತಿಗೆ ನಿಂತಿತ್ತು, ಅಷ್ಟೇ, ಎಂದರು ಆ ಹೆಂಗಸು. ಅಮ್ಮ ಬಹಳ ಸಣ್ಣ ದನಿಯಲ್ಲಿ, ನನಗೆ ಕೆಳಗೆ ಇಡ್ಲಿಕ್ಕೆ ಆಗುದಿಲ್ಲ ಎಂದಳು. ಆಗ ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅಮ್ಮನ ಪಕ್ಕಕ್ಕೆ ಬಂದು ಬಗ್ಗಿದರು.

"ಇಡುದು ಬೇಡ. ನನ್ನ ಬೆನ್ನಿಗೆ ಕೊಡಿ. ಇನ್ನು ನಾನು ದೊಡ್ಡ ಮಾಡ್ತೇನೆ."

ಅಮ್ಮ ಬಗ್ಗಿದಳು. ಸೆಲ್ವಿ ಕಲಿಸಿದ ಹಾಗೆ ಮೇಜಿನಂತೆ ಬೆನ್ನು ಮಾಡಿ, ಹೆಗಲಿಗೆ ಹೆಗಲು ತಾಗಿಸಿ ನಿಂತಳು. ಗಂಟು ಅವಳೇ ಬಿಚ್ಚಿದಳು. ಬಟ್ಟೆಯ ತುದಿ ನನ್ನ ಕೈಗೆ ಬಂತು, ಅದು ನನ್ನ ಹಳೆಯ ಕೆಲಸ. ನಾನು ಎಳೆದೆ, ಭಾರ ಜಾರಿತು, ಒಂದು ಬೆನ್ನಿನಿಂದ ಇನ್ನೊಂದು ಬೆನ್ನಿಗೆ ಹೋಯಿತು. ಒಂದು ಸೀರೆ, ನಾಲ್ಕು ಬಳೆ, ಒಂದು ಕರಿಮಣಿಯ ಭಾರ ಅದು ಎಂದು ಯಾರಾದರೂ ಹೇಳಿದರೆ ನಾನು ಈಗಲೂ ನಂಬುವುದಿಲ್ಲ. ಆ ಹೆಂಗಸು ಎದೆಯ ಮೇಲೆ ಗಂಟು ಹಾಕಿ, ನೆಟ್ಟಗಾಗಿ, ಒಂದು ಕೈ ಹಿಂದೆ ಕೊಟ್ಟು ಎರಡು ಸಲ ತಟ್ಟಿದರು. ಬಾಗಿಲು ದಾಟುವಾಗ ಅಮ್ಮ ಹಿಂದಿನಿಂದ, ತಲೆ ಜಾಗ್ರತೆ ಎಂದಳು. ಅವರು ಮಂಡಿ ಮಡಚಿ ಒಳಗೆ ಹೋದರು.

ಒಳಗೆ ಮದುವೆಯ ಕ್ರಮಗಳು ನಡೆಯುತ್ತಿದ್ದವು. ಅಮ್ಮ ಒಳಗೆ ಹೋಗಲಿಲ್ಲ, ಜಗಲಿಯಲ್ಲಿ ಅಜ್ಜಿಯ ಪಕ್ಕ ಕೂತಳು. ಮೊದಲು ನೆಟ್ಟಗೆ ಕೂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಹಿಂದಕ್ಕೆ ಸರಿದಳು, ಗೋಡೆ ಎಷ್ಟು ದೂರವಿದೆ ಎಂದು ಕೈಯಿಂದ ಮುಟ್ಟಿ ನೋಡಿದಳು, ಇನ್ನೂ ಸ್ವಲ್ಪ ಸರಿದಳು. ಆಮೇಲೆ ಬೆನ್ನು ಕೊಟ್ಟು ಒರಗಿದಳು. ಊಟಕ್ಕೆ ಕರೆಯಲು ಬಂದವರನ್ನು ಅಜ್ಜಿ ಬಾಯಿಗೆ ಬೆರಳಿಟ್ಟು ತಡೆದಳು. ಅಮ್ಮ ಬಾಯಿ ಅರೆ ತೆರೆದು, ತಲೆ ಗೋಡೆಗೆ ಆನಿಸಿ, ನಿದ್ದೆ ಹೋಗಿದ್ದಳು. ಅವಳು ಹಾಗೆ ಮಲಗಿದ್ದನ್ನು ನಾನು ಯಾವತ್ತೂ ನೋಡಿದವಳಲ್ಲ. ಹತ್ತಿರ ಹೋಗಿ ಕೂತು, ಅವಳ ಮೂಗಿನ ಕೆಳಗೆ ಬೆರಳು ಹಿಡಿದೆ.